ಎರಡು ಬೆರಳು

ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿ ಹಿಡಿದವನು ಅಂಕಿ ನೋಡುವುದನ್ನೇ ಮರೆತು ಅಂಗಡಿಯ ಹೊರಗೆ ಸಾಲಾಗಿ ನಿಂತಿದ್ದ ಬೈಕುಗಳನ್ನು ನೋಡುತ್ತಿದ್ದ. "ಏನ್ರೀ ಟೈಲರೇ, ಅಳತೆ ತಗೋತಿದೀರೋ, ಕಂಬಕ್ಕೆ ಕಟ್ಟಿಹಾಕ್ತಿದೀರೋ?" ಎಂದು ಬ್ಯಾಂಕಿನ ಕ್ಯಾಷಿಯರು ಎರಡೂ ಕೈ ಮೇಲೆತ್ತಿಕೊಂಡೇ ಕೇಳಿದಾಗ ಎಚ್ಚರವಾಯಿತು. ಟೇಪು ಬಿಗಿದುಹೋಗಿತ್ತು. ಸಡಿಲ ಮಾಡಿ, ಅಂಕಿ ಓದಿ, ಎಂದಿನಂತೆ ಅದಕ್ಕೊಂದಿಷ್ಟು ಸೇರಿಸಿ ಬರೆದುಕೊಂಡ. ಮನುಷ್ಯನ ಸೊಂಟ ಊಟಕ್ಕೆ ಮುಂಚೆ ಒಂದು, ಊಟ ಆದಮೇಲೆ ಒಂದು; ಇರುವಷ್ಟೇ ಬರೆದುಕೊಂಡವನು ಟೈಲರಲ್ಲ, ಶತ್ರು. ಇದನ್ನೆಲ್ಲ ಅವನ ಕೈ ತಾನಾಗಿಯೇ ಮಾಡುತ್ತಿತ್ತು. ತಲೆ ಮಾತ್ರ ಹೊರಗಿತ್ತು. ಲೈಸೆನ್ಸಿನ ಕಾರ್ಡು ಕೈಗೆ ಬಂದಂದಿನಿಂದ ಬೀದಿಯೇ ಬೇರೆಯಾಗಿಬಿಟ್ಟಿತ್ತು. ಇಷ್ಟು ವರ್ಷ ಅಂಗಡಿಗೆ ಬೆಳಕು ಬಾರದಂತೆ ಅಡ್ಡ ನಿಲ್ಲುವ ಪೀಡೆಗಳಾಗಿದ್ದ ಬೈಕುಗಳು ಈಗ ಒಂದೊಂದೂ ಒಂದೊಂದು ಮುಖ ಹೊತ್ತು ನಿಂತಿದ್ದವು. ಎಲ್ಲವೂ ಸೈಡ್ ಸ್ಟ್ಯಾಂಡಿನ ಮೇಲೆ ಎಡಕ್ಕೆ ವಾಲಿ, ಯಾರಿಗೋ ಕಾಯುತ್ತ ಗೋಡೆಗೊರಗಿದ ಜನರ ಹಾಗೆ. ತಮ್ಮಷ್ಟಕ್ಕೆ ನೆಟ್ಟಗೆ ನಿಲ್ಲಲಾರದ ವಸ್ತುಗಳು. ನಿಂತರೆ ಬೀಳುತ್ತವೆ, ಓಡಿದರೆ ನಿಲ್ಲುತ್ತವೆ. ಇಂಥದೊಂದು ಸಂಗತಿ ದಿನಾ ಕಣ್ಣೆದುರಿಗೆ ನಡೆಯುತ್ತಿದ್ದರೂ ಇಡೀ ಊರು ಹೇಗೆ ಸುಮ್ಮನಿದೆ, ಯಾಕೆ ಯಾರೂ ರಸ್ತೆಯಲ್ಲಿ ನಿಂತು ಬಾಯ ಮೇಲೆ ಬೆರಳಿಡುವುದಿಲ್ಲ ಎಂದು ಅವನಿಗೆ ಸೋಜಿಗವಾಗುತ್ತಿತ್ತು.

"ಚಿಕ್ಕಂದಿನಿಂದಾನೂ ಇದೇ ಕೆಲಸಾನಾ?" ಎಂದು ಕ್ಯಾಷಿಯರು ಕೇಳಿದರು. ಹೊಸ ಗಿರಾಕಿಗಳು ಇದನ್ನು ಕೇಳಿಯೇ ಕೇಳುತ್ತಾರೆ, ಅವನೂ ಅದೇ ಕಥೆ ಹೇಳಿಯೇ ಹೇಳುತ್ತಾನೆ. "ನಮ್ಮಮ್ಮನಿಂದ ಆಗಿದ್ದು ಸಾರ್. ಎಲ್ಲರೂ ಅಮ್ಮನಿಂದ ಹೊಲಿಗೆ ಕಲೀತಾರೆ, ನಾನು ಅಮ್ಮನಿಗೆ ಹೊಲಿಗೆ ಬರ್ದೇ ಇದ್ದಿದ್ದಕ್ಕೆ ಕಲಿತೆ. ನಮ್ಮಣ್ಣನ ಹಳೇ ಪ್ಯಾಂಟು ನಂಗೆ ಬರೋದು. ನೋಡಿದ್ರೆ ಒಂದು ಕಾಲು ಗಿಡ್ಡ, ಒಂದು ಕಾಲು ಉದ್ದ! ಅಮ್ಮ ಮಡಚಿ ಹೊಲಿದಿದ್ದು ಎಡಗಾಲು ಉತ್ತರಕ್ಕೆ ಹೋದ್ರೆ ಬಲಗಾಲು ದಕ್ಷಿಣಕ್ಕೆ. ನಾನೇ ಬಿಚ್ಚಿ ಸಮ ಮಾಡ್ಕೋತಿದ್ದೆ." ಕ್ಯಾಷಿಯರು ನಕ್ಕರು. ಎಲ್ಲರೂ ನಗುತ್ತಾರೆ. ನೆಂಟರ ಮದುವೆಗಳಲ್ಲಿ, ಊಟದ ಸಾಲಿನಲ್ಲಿ, ಅಮ್ಮ ಇದ್ದಾಗ ಅಮ್ಮನೆದುರಿಗೇ ಎಷ್ಟು ಸಲ ಹೇಳಿದ್ದನೋ. ಅಮ್ಮನೂ ನಗುತ್ತಿದ್ದಳು. ಅಣ್ಣನೂ ಗೋಡೆಗೆ ಒಂದು ಕಾಲು ಮಡಚಿ ಒತ್ತಿಕೊಂಡು ನಿಂತು, ಎಲ್ಲರಿಗಿಂತ ತುಸು ತಡವಾಗಿ, ನಗುತ್ತಿದ್ದ.

ಅಣ್ಣ. ಇವತ್ತು ಸಂಜೆ ಬಾ ಎಂದಿದ್ದಾನೆ. "ತೊಳೆದು ಇಟ್ಟಿರ್ತೀನಿ, ತಗೊಂಡು ಹೋಗು" ಎಂದಿದ್ದಾನೆ. ತಮ್ಮನಿಗೆ ಐವತ್ತೇಳು ತುಂಬಿದ ಮೇಲೂ ಅವನನ್ನು ಚಿಕ್ಕ ಎಂದೇ ಕರೆಯುವ ಈ ಅಣ್ಣನನ್ನು ಒಂದು ಕಾಲದಲ್ಲಿ ಊರಿಗೆ ಊರೇ ರೀಲಣ್ಣ ಎನ್ನುತ್ತಿತ್ತು. ಎರಡು ಟಾಕೀಸಿಗೆ ಸೇರಿ ಸಿನಿಮಾದ ಪ್ರತಿ ಒಂದೇ ಇರುತ್ತಿದ್ದ ದಿನಗಳು ಅವು. ಈ ಟಾಕೀಸಿನಲ್ಲಿ ಓಡಿ ಮುಗಿದ ರೀಲನ್ನು ಡಬ್ಬಕ್ಕೆ ತುಂಬಿ, ಬೈಕಿನ ಹಿಂದೆ ಬಿಗಿದು, ಆ ಟಾಕೀಸಿನ ಪರದೆ ಬೆಳ್ಳಗಾಗುವ ಮೊದಲು ತಲುಪಿಸಬೇಕು. ಅಲ್ಲಿ ಜನ ಸೀಟಿಯ ಮೇಲೆ ಸೀಟಿ ಹಾಕುತ್ತಿರುವಾಗ ಹೊರಗೆ ಅಣ್ಣನ ಗಾಡಿಯ ಗುಡುಗುಡು ಕೇಳಿದರೆ ಸಾಕು, ಒಳಗೆ ಚಪ್ಪಾಳೆ. ಸಿನಿಮಾದ ನಾಯಕನಿಗೂ ಅಂಥ ಚಪ್ಪಾಳೆ ಬೀಳುತ್ತಿರಲಿಲ್ಲ. ಗೇಟಿನ ಮುಂದೆ ಅವನು ಗಾಡಿ ನಿಲ್ಲಿಸುವುದೇ ಒಂದು ಠೀವಿ: ಇಡೀ ಗಾಡಿಯನ್ನು ಎಡಕ್ಕೆ ವಾಲಿಸಿ, ಎಡಗಾಲನ್ನು ಸುಮ್ಮನೆ ನೆಲಕ್ಕೆ ಬಿಸಾಕಿದಂತೆ ಇಟ್ಟು, ಸೊಂಟ ಓರೆ ಮಾಡಿ ಕೂರುವುದು. ಹುಡುಗರೆಲ್ಲ ಸೈಕಲ್ಲಿನ ಮೇಲೆ ಅದನ್ನೇ ಅಣಕಿಸಿ ಅಭ್ಯಾಸ ಮಾಡುತ್ತಿದ್ದರು. ಚಿಕ್ಕನಿಗೆ ಸೈಕಲ್ಲೂ ಇರಲಿಲ್ಲ. ಅವನು ಟಾಕೀಸಿನ ಕಟಕಟೆಯ ಮೇಲೆ ಅಡ್ಡಗಾಲು ಹಾಕಿ ಕೂತು ಎಡಕ್ಕೆ ವಾಲುತ್ತಿದ್ದ, ಅಣ್ಣನ ಪ್ಯಾಂಟಿನಲ್ಲಿ.

ಕಣ್ಣಿನ ಡಾಕ್ಟರು ಇನ್ನು ಗಾಡಿ ಮುಟ್ಟಬೇಡಿ ಎಂದ ದಿನ ಅಣ್ಣ ನೆಟ್ಟಗೆ ಅಂಗಡಿಗೆ ಬಂದಿದ್ದ. ಒಳಗೆ ಬರಲಿಲ್ಲ, ಎಂದೂ ಬಂದವನಲ್ಲ, ಮೆಟ್ಟಿಲ ಮೇಲೆಯೇ ನಿಂತು, "ಚಿಕ್ಕ, ಲೈಸೆನ್ಸ್ ಮಾಡಿಸ್ಕೋ. ಗಾಡಿ ಇನ್ಮೇಲೆ ನಿಂದು" ಎಂದು ಹೇಳಿ ಹೊರಟುಹೋದ. ಅವತ್ತೂ ತೊಟ್ಟಿದ್ದು ರೆಡಿಮೇಡ್ ಪ್ಯಾಂಟು. ತಮ್ಮ ಟೈಲರಾಗಿ, ಆ ಬೀದಿಯಲ್ಲಿ ಒಬ್ಬ ಹೆಸರುವಾಸಿ ಟೈಲರಾಗಿ, ಅಣ್ಣ ಒಂದೇ ಒಂದು ಪ್ಯಾಂಟನ್ನೂ ಹೊಲಿಸಿಕೊಂಡಿರಲಿಲ್ಲ. ಹಳೆಯದನ್ನು ಅಳತೆಗೆ ಕಳಿಸಿ ಶರಟು ಹೊಲಿಸಿಕೊಂಡಿದ್ದಾನೆ, ಕೋಟು ಹೊಲಿಸಿಕೊಂಡಿದ್ದಾನೆ. ಪ್ಯಾಂಟು ಮಾತ್ರ ಅಂಗಡಿಯಿಂದ ತಂದಿದ್ದು, ಕಾಲ್ಬುಡ ಮಡಚಿ ಅತ್ತಿಗೆ ಕೈಯಲ್ಲೇ ಹೊಲಿದಿದ್ದು. ಎದುರಿನ ಅಂಗಡಿಯವನು ಒಮ್ಮೆ, "ಏನಪ್ಪಾ, ನಿಮ್ಮಣ್ಣಂಗೇ ನಿನ್ನ ಕತ್ತರಿ ಮೇಲೆ ನಂಬಿಕೆ ಇಲ್ವಲ್ಲ" ಎಂದಿದ್ದು ಇನ್ನೂ ಒಳಗೆಲ್ಲೋ ಮುರಿದ ಸೂಜಿಯ ಹಾಗೆ ಕೂತಿದೆ. ಹಳೆಯದನ್ನು ಕೊಡುವುದಕ್ಕೆ ತಮ್ಮ ಬೇಕು, ಹೊಸದನ್ನು ಹೊಲಿಯುವುದಕ್ಕೆ ಬೇಡ. ಹಾಗೆ ಅಂದುಕೊಂಡ ಮರುಕ್ಷಣವೇ ತನ್ನ ಸಣ್ಣತನಕ್ಕೆ ನಾಚಿಕೆಯಾಗಿ, ಮರುದಿನವೇ ಹೋಗಿ ಡ್ರೈವಿಂಗ್ ಸ್ಕೂಲಿಗೆ ಸೇರಿಬಿಟ್ಟಿದ್ದ. ಅಣ್ಣ ಹೇಳಿದ್ದಾನೆ, ಕಲಿಯಬೇಕು, ಅಷ್ಟೇ.

ಆದರೆ ಆ ಖಾಲಿ ಮೈದಾನದಲ್ಲಿ, ಸ್ಕೂಲಿನ ಪುಟ್ಟ ಗಾಡಿಯ ಮೇಲೆ, ಮೊದಲ ಸಲ ಎರಡೂ ಕಾಲು ನೆಲದಿಂದ ಎತ್ತಿದ ಗಳಿಗೆಯಲ್ಲಿ ಏನೋ ಆಗಿಹೋಯಿತು. ಬೀಳುತ್ತೇನೆ ಎಂದು ಮೈಯೆಲ್ಲ ಕಣ್ಣಾಗಿ ಕಾಯುತ್ತಿದ್ದ, ಬೀಳಲಿಲ್ಲ. ಗಾಳಿ ಅಂಗಿಯೊಳಗೆ ಹೊಕ್ಕು ಬೆನ್ನಿನಲ್ಲಿ ಉಬ್ಬಿತು. ಜೀವಮಾನವಿಡೀ ಬಟ್ಟೆಯನ್ನು ಮೈಗೆ ಅಂಟಿಸುವ ಕೆಲಸ ಮಾಡಿದವನಿಗೆ, ಬಟ್ಟೆ ಮೈಯನ್ನು ಬಿಟ್ಟು ಹಾರಲು ನೋಡಿದ್ದು ಅದೇ ಮೊದಲು. ಇಳಿದ ಮೇಲೂ ಗಾಡಿಯನ್ನೇ ನೋಡುತ್ತ ನಿಂತ. ಕಲಿಸುವ ಮೇಷ್ಟ್ರು, ತಂಬಾಕಿನ ಧ್ವನಿಯ ದಪ್ಪ ಮನುಷ್ಯ, "ಯಾಕ್ರೀ, ದೇವರನ್ನ ನೋಡಿದ ಹಾಗೆ ನೋಡ್ತಿದೀರಾ ಆ ಗಾಡೀನ?" ಎಂದಿದ್ದರು. ಅದೇ ಮೇಷ್ಟ್ರು ವಾರವಿಡೀ ಬೈದಿದ್ದೂ ಇದೆ. ಬಲಗಾಲು ಬ್ರೇಕಿನ ಮೇಲೆ, ಎಡಗಾಲು ನೆಲಕ್ಕೆ, ಗಾಡಿ ನೆಟ್ಟಗೆ — ಇಷ್ಟೇ ಪಾಠ. ಆದರೆ ನಿಲ್ಲಿಸುವಾಗ ಅವನಿಗೆ ತಿಳಿಯದೆಯೇ ಇಡೀ ಗಾಡಿ ಎಡಕ್ಕೆ ವಾಲುತ್ತಿತ್ತು, ಸೊಂಟ ಓರೆಯಾಗುತ್ತಿತ್ತು. "ಕುಣಿಲಾರದೋರಿಗೆ ನೆಲ ಡೊಂಕು ಅಂತಾರೆ. ನಿಮಗೆ ನೆಲ ನೆಟ್ಟಗಿದೆ, ಕಾಲು ನೆಟ್ಟಗಿದೆ, ನೀವ್ಯಾಕ್ರೀ ಡೊಂಕು? ಯಾರು ಕಲಿಸಿದ್ದು ಈ ಸ್ಟೈಲು?" ಯಾರೂ ಇಲ್ಲ ಸಾರ್, ಎಂದಿದ್ದ. ಪರೀಕ್ಷೆಯ ದಿನ ಇನ್ಸ್‌ಪೆಕ್ಟರ ಮುಂದೆ ಅದೇ ಠೀವಿಯಲ್ಲಿ ನಿಲ್ಲಿಸಲು ಹೋಗಿ ಗಾಡಿಯ ಸಮೇತ ಮಗ್ಗುಲಿಗೆ ಮಲಗಿದ. ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದ ಕಾಲೇಜು ಹುಡುಗಿಯರು ಬಂದು ಎಬ್ಬಿಸಿ, "ಅಂಕಲ್, ಪೆಟ್ಟಾಯ್ತಾ?" ಎಂದು ಕೇಳಿದ್ದು ಪೆಟ್ಟಿಗಿಂತ ಹೆಚ್ಚು ನೋಯಿಸಿತು. ಎರಡನೆಯ ಸಲ ಪಾಸಾದ.

ಕಾರ್ಡು ಬಂದ ಮೇಲೆ ಒಂದು ಯೋಚನೆ ಅವನೊಳಗೆ ಕಳ್ಳನ ಹಾಗೆ ಕಾಲಿಟ್ಟಿತು: ನನ್ನದೇ ಒಂದು ಗಾಡಿ. ಹೊಸದು. ಬೆಳಿಗ್ಗೆ ಹೆಂಡತಿಯ ಮುಂದೆ ಬಾಯಿಬಿಟ್ಟಿದ್ದ. ಅವಳು ಒಗೆಯುವ ಬಟ್ಟೆಗಳ ಜೇಬು ತಡಕುತ್ತಿದ್ದವಳು ಕೈ ನಿಲ್ಲಿಸಿ, "ಭಾವ ಗಾಡಿ ಕೊಡ್ತಾರೆ ಅಂತ ತಾನೆ ಲೈಸೆನ್ಸ್ ಮಾಡಿಸಿದ್ದು? ಈಗ ಬೇರೆ ತಗೋತೀನಿ ಅಂದ್ರೆ ಅವರ ಮುಖ ಹೇಗಾಗಬೇಡ?" ಎಂದಳು. "ಅವನ ಗಾಡಿ ನಂಗೆ ಎತ್ತರ ಕಣೇ." "ಪುಕ್ಕಟೆ ಬಂದ ಎಮ್ಮೆ ಹಲ್ಲು ಎಣಿಸ್ತೀರಲ್ಲ! ಅವರ ಅಂಗಿ, ಅವರ ಚಡ್ಡಿ, ಅವರ ಕಂಪಾಸ್ ಪೆಟ್ಟಿಗೆ, ಎಲ್ಲ ಆಯ್ತು, ಈಗ ಗಾಡಿಗೆ ಬಂತು ರೋಷ." ಅವಳು ಹೇಳಿದ್ದು ಹಾಸ್ಯಕ್ಕೇ. ಆದರೆ ಸತ್ಯಕ್ಕೂ ಹಾಸ್ಯಕ್ಕೂ ನಡುವೆ ಎಷ್ಟು ಬಟ್ಟೆ ಬಿಟ್ಟಿರುತ್ತಾರೆ? ಆಮೇಲೆ ಅವಳೇ ಮೆತ್ತಗಾಗಿ, "ಬೇಡ ಅನ್ನೋದಾದ್ರೆ ನೀವೇ ಬಾಯಿಬಿಟ್ಟು ಹೇಳಿ. ಸುಮ್ನೆ ತಂದು ಮೂಲೇಲಿ ನಿಲ್ಲಿಸಿ ಮುಖ ಊದಿಸ್ಕೊಂಡು ಓಡಾಡ್ಬೇಡಿ. ನಿಮ್ಮ ಊದಿದ ಮುಖ ನೋಡಿ ನೋಡಿ ನಂಗೆ ಸಾಕಾಗಿದೆ" ಎಂದಿದ್ದಳು. ಬಾಯಿಬಿಟ್ಟು ಹೇಳುವುದು. ಅಣ್ಣನ ಮುಂದೆ ಅವನು ಬಾಯಿಬಿಟ್ಟದ್ದು ಯಾವಾಗ? ಕಣ್ಣೆತ್ತಿ ಸರಿಯಾಗಿ ನೋಡಿದ್ದಾದರೂ ಯಾವಾಗ?

ಕ್ಯಾಷಿಯರು ಹೋದ ಮೇಲೆ ಅವನು ಕತ್ತರಿ ಕೆಳಗಿಟ್ಟು, ಅಂಗಡಿಯ ಬಾಗಿಲು ಅರ್ಧ ಎಳೆದು, ಮುಖ್ಯ ರಸ್ತೆಯ ಷೋರೂಮಿನ ಕಡೆಗೆ ನಡೆದ. ಸುಮ್ಮನೆ ನೋಡಿ ಬರುವುದು, ನೋಡುವುದಕ್ಕೇನು. ಗಾಜಿನ ಬಾಗಿಲು ತಳ್ಳಿದೊಡನೆ ಹೊಸ ರಬ್ಬರಿನ ವಾಸನೆ ಬಂತು, ಹೊಸ ಬಟ್ಟೆಯ ಥಾನು ಬಿಚ್ಚಿದಾಗಿನಷ್ಟೇ ಗರಿಗರಿಯಾದ ವಾಸನೆ. ಒಳಗೆ ಗಾಡಿಗಳು ನೆಲದ ಹೊಳಪಿನಲ್ಲಿ ತಲೆಕೆಳಗಾಗಿಯೂ ನಿಂತಿದ್ದವು. ಮಾರಾಟದ ಹೆಂಗಸು, ಕುತ್ತಿಗೆಗೆ ಕೀಲಿಗೊಂಚಲು ಹಾಕಿಕೊಂಡ ಚುರುಕು ಮುಖದವಳು, "ಬನ್ನಿ ಸರ್. ಮಗನಿಗಾ?" ಎಂದಳು. ಹೌದು ಎಂದುಬಿಟ್ಟರೆ ಎಷ್ಟು ಸುಲಭ ಎನ್ನಿಸಿತು. ಇಲ್ಲದ ಮಗನೊಬ್ಬ ಅವನ ಕಣ್ಣೆದುರು ಎತ್ತರಕ್ಕೆ ಬೆಳೆದು, ದೊಡ್ಡ ಗಾಡಿಯೊಂದನ್ನು ಹತ್ತಿ ಹೋಗಿಯೂಬಿಟ್ಟ. ಕಡೆಗೆ, "ನನಗೇ" ಎಂದ. ಹೇಳುತ್ತಿದ್ದಂತೆ ಕಿವಿ ಬಿಸಿಯಾದವು. ಅವಳು ನಗಲಿಲ್ಲ. "ಮೊದಲನೇ ಗಾಡೀನಾ? ಹಾಗಾದ್ರೆ ಮೊದ್ಲು ಬಣ್ಣ ನೋಡ್ಬೇಡಿ, ಕಾಲು ನೋಡೋಣ. ನಿಮ್ಮ ಒಳಗಾಲಿನ ಅಳತೆ ಎಷ್ಟು ಸರ್?"

ಅವನಿಗೆ ಉತ್ತರ ಗೊತ್ತಿರಲಿಲ್ಲ. ಊರಿನ ಗಂಡಸರ ಒಳಗಾಲುಗಳೆಲ್ಲ ಅವನಿಗೆ ಬಾಯಿಪಾಠ. ಹೆಡ್‌ಮಾಸ್ಟರದು, ಕ್ಷೌರದವನದು, ಸತ್ತುಹೋದ ಪೋಸ್ಟ್‌ಮಾಸ್ಟರದೂ. ತನ್ನದು ಎಷ್ಟು? ಯಾವುದನ್ನೋ ಬಿಚ್ಚಿ, ಯಾವುದರ ಮೇಲೋ ಇಟ್ಟು, ಹಳೆಯದರ ಗುರುತಿನ ಮೇಲೆ ಹೊಸದರ ಗುರುತು ಎಳೆದುಕೊಂಡೇ ಈ ಮೈಗೆ ಬಟ್ಟೆ ತೊಡಿಸಿದ್ದಾನೆ. ತನ್ನ ಅಳತೆ ತಾನು ತೆಗೆದುಕೊಳ್ಳಲಾಗುವುದಿಲ್ಲ. ಬಗ್ಗಿದರೆ ಟೇಪು ಸುಳ್ಳು ಹೇಳುತ್ತದೆ. ಹೆಂಗಸು ಮೇಜಿನ ಖಾನೆಯಿಂದ ಬಡಗಿಗಳು ಬಳಸುವಂಥ ತಗಡಿನ ಟೇಪು ತೆಗೆದದ್ದು ನೋಡಿ ಅವನು ಹೌಹಾರಿದ. "ಅದರಲ್ಲಾ?" "ಮತ್ತೆ?" ಎಂದು ತಲೆಯೆತ್ತಿದವಳು, "ಅಯ್ಯೋ, ನಿಮ್ಮ ಕುತ್ತಿಗೇಲೇ ಇದ್ಯಲ್ಲ ಸರ್!" ಎಂದು ಈಗ ನಕ್ಕಳು. ಟೇಪು ಕೊರಳಲ್ಲೇ ನೇತಾಡುತ್ತಿತ್ತು. ಅದನ್ನು ಹಾಕಿಕೊಂಡೇ ಪೇಟೆಯ ಉದ್ದಕ್ಕೂ ನಡೆದು ಬಂದಿದ್ದ.

"ಷೂ ಬಿಚ್ಚಿ. ನಿಜವಾದ ಕಾಲು ಬೇಕು." ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ನಿಂತ. ಟೇಪಿನ ಮೇಲಿನ ತುದಿಯನ್ನು ತೊಡೆಸಂದಿಯಲ್ಲಿ ಗಿರಾಕಿಗಳು ಹಿಡಿಯುವ ಹಾಗೆಯೇ ಅವನು ಹಿಡಿದುಕೊಂಡ. ಅವಳು ಕೆಳಗೆ ಮಂಡಿಯೂರಿ ಟೇಪಿನ ಇನ್ನೊಂದು ತುದಿಯನ್ನು ಅವನ ಹಿಮ್ಮಡಿಗೆ ಎಳೆದಳು. ಒಬ್ಬರು ಹೀಗೆ ತನ್ನ ಕಾಲಬಳಿ ಕೂತು, ಉಸಿರು ಹಿಡಿದು, ಈ ಮೈ ಎಷ್ಟಿದೆಯೋ ಅಷ್ಟನ್ನೇ ತಿಳಿಯಬೇಕೆಂದು ನೋಡಿದ್ದು ಎಂದಾದರೂ ಉಂಟೆ? ತಾನು ಸಾವಿರಾರು ಜನರ ಮುಂದೆ ಹಾಗೆ ಕೂತಿದ್ದೇನೆ. ಅವರಿಗೆಲ್ಲ ಹೀಗೆ ಆಗಿತ್ತೆ? ಅವಳು ಅಂಕಿ ಹೇಳಿದಳು. "ಅದಕ್ಕೊಂದಿಷ್ಟು ಸೇರಿಸ್ಕೊಳ್ಳಿ" ಎಂದ. "ಯಾಕೆ ಸರ್?" "ಮಾರ್ಜಿನ್. ಹೊಲಿಗೆಗೆ ಬಿಡಬೇಕಲ್ಲ." "ಕಾಲಿಗೆಂಥ ಮಾರ್ಜಿನ್ನು ಸರ್! ಕಾಲು ಎಷ್ಟಿದ್ಯೋ ಅಷ್ಟೇ." ಆಮೇಲೆ ಟೇಪನ್ನು ಇನ್ನೊಂದು ಕಾಲಿಗೆ ಹಿಡಿದಳು. ಈಗ ಅವನಿಗೆ ನಗು ಬಂತು. "ಒಂದು ಕಾಲು ತಗೊಂಡ್ರೆ ಸಾಕಮ್ಮ. ನಾವು ಒಂದೇ ತಗೊಳ್ಳೋದು." "ಪ್ಯಾಂಟಿಗೆ ಸಾಕು ಸರ್. ಗಾಡಿಗೆ ಸಾಲ್ದು. ಎಷ್ಟೋ ಜನಕ್ಕೆ ಎರಡೂ ಒಂದೇ ಇರಲ್ಲ. ನಡೆಯುವಾಗ ಗೊತ್ತಾಗಲ್ಲ, ಗಾಡಿ ನಿಲ್ಲಿಸಿದಾಗ ಗೊತ್ತಾಗತ್ತೆ." ಅವನಿಗೆ ಎರಡೂ ಒಂದೇ ಇದ್ದವು.

ಅವಳು ತೋರಿಸಿದ್ದು ಪಾಚಿ ಹಸಿರಿನ, ತಗ್ಗು ಸೀಟಿನ, ಯಾರೂ ತಿರುಗಿ ನೋಡದಂಥ ಒಂದು ಗಾಡಿ. ಅಡ್ಡಗಾಲು ಹಾಕಿ ಕೂತ. ಎರಡೂ ಅಂಗಾಲು ನೆಲಕ್ಕೆ ತಾಗಿದವು. ಬೆರಳ ತುದಿಯಲ್ಲ, ಹಿಮ್ಮಡಿಯವರೆಗೆ, ಪೂರ್ತಿ. ಸೈಡ್ ಸ್ಟ್ಯಾಂಡು ಎತ್ತಿದರೂ ಗಾಡಿ ವಾಲಲಿಲ್ಲ. ಅವನ ಎರಡು ಕಾಲುಗಳ ನಡುವೆ ಅದು, ಮಗು ನಿದ್ದೆಹೋದ ಹಾಗೆ, ಭಾರವನ್ನೆಲ್ಲ ಅವನಿಗೆ ಒಪ್ಪಿಸಿ ನೆಟ್ಟಗೆ ನಿಂತಿತು. ಹ್ಯಾಂಡಲ್ಲು ಕೈಗಳು ಎಲ್ಲಿದ್ದವೋ ಅಲ್ಲಿಯೇ ಇತ್ತು. "ನಿಮಗೇ ಅಂತ ಹೊಲಿದ ಹಾಗಿದೆ ಸರ್" ಎಂದಳು ಅವಳು, ಗಿರಾಕಿಗಳಿಗೆಲ್ಲ ಹೇಳುವ ಮಾತೇ ಇರಬೇಕು, ತಾನೂ ದಿನಕ್ಕೆ ಎಷ್ಟು ಸಲ ಹೇಳುವುದಿಲ್ಲ. ಆದರೂ ಎದೆ ಝಲ್ಲೆಂದಿತು. ಎದುರಿನ ಗಾಜಿನಲ್ಲಿ ಒಬ್ಬ ಮನುಷ್ಯ ಗಾಡಿಯ ಮೇಲೆ ಕೂತಿದ್ದ. ಗಿಡ್ಡ, ನರೆತ, ಬರಿಗಾಲಿನವನು. ಅವನು ಚೆನ್ನಾಗಿ ಕಾಣುತ್ತಿದ್ದ. "ಸಂಜೆ ಬಂದು ಹೇಳ್ತೀನಿ" ಎಂದು ಇಳಿದ. ಅವಳು ಟೇಪನ್ನು ಮಡಿಸಿ ಅವನ ಕೈಗೆ ಕೊಟ್ಟಳು.

ಅಣ್ಣನ ಮನೆಯ ಹಾದಿಯುದ್ದಕ್ಕೂ ಮಾತು ಜೋಡಿಸಿದ. ಅಣ್ಣ, ತಪ್ಪು ತಿಳೀಬೇಡ. ಅಣ್ಣ, ನಿನ್ನ ಗಾಡಿ ಓಡಿಸೋ ಯೋಗ್ಯತೆ ನಂಗಿಲ್ಲ. ಅಣ್ಣ, ಮಂಡಿ ನೋವು. ಒಂದೊಂದೂ ಕಚ್ಚಾ ಹೊಲಿಗೆಯ ಹಾಗೆ, ಎಳೆದರೆ ಕಿತ್ತು ಬರುವಂಥದು. ಯಾವಾಗಲೂ ಕತ್ತಲಾದ ಮೇಲೆ ಅಂಗಡಿ ಮುಚ್ಚಿ ಹೋಗುತ್ತಿದ್ದವನು ಈ ಹೊತ್ತಿನಲ್ಲಿ, ಬಿಸಿಲಿರುವಾಗ, ಆ ಮನೆಗೆ ಹೋಗಿ ವರ್ಷಗಳೇ ಆಗಿದ್ದವು. ಹಿತ್ತಲಿನಲ್ಲಿ ಅಣ್ಣ ಕುರ್ಚಿ ಹಾಕಿಕೊಂಡು ಕೂತಿದ್ದ. ಮುಂದೆ ಗಾಡಿ, ತೊಳೆದು ಒರೆಸಿ ಕಪ್ಪಗೆ ಹೊಳೆಯುತ್ತಿತ್ತು. "ಬಾರೋ ಚಿಕ್ಕ! ಸಂಜೆ ಅಂದ್ರೆ ಮಧ್ಯಾಹ್ನಕ್ಕೇ ಬಂದೆಯಲ್ಲೋ, ಆಸೆಬುರುಕ!" ಅತ್ತಿಗೆ ಒಣಗಿದ ಬಟ್ಟೆ ಮುಟ್ಟಿ ನೋಡುತ್ತ, "ಬೆಳಿಗ್ಗೆಯಿಂದ ತೊಳೆದಿದ್ದೇ ತೊಳೆದಿದ್ದು ನಿಮ್ಮಣ್ಣ. ಮದುವೆ ದಿನ ಕೂಡ ತಮ್ಮ ಮೈ ಇಷ್ಟು ತಿಕ್ಕೊಂಡಿರ್ಲಿಲ್ಲ" ಎಂದಳು. "ಅವತ್ತು ಕೊಟ್ಟು ಕಳಿಸಿದ್ದು ನಿನ್ನನ್ನ ಕಣೇ, ನಾನ್ಯಾಕೆ ತಿಕ್ಕೋಬೇಕು? ಇವತ್ತು ಕೊಟ್ಟು ಕಳಿಸ್ತಿರೋನು ನಾನು" ಎಂದು ಅಣ್ಣ ನಕ್ಕ. ನಗುತ್ತಲೇ ಕೂತಲ್ಲಿಂದ ಬಗ್ಗಿ ಹ್ಯಾಂಡಲ್ಲನ್ನು ಇನ್ನೊಮ್ಮೆ ಒರೆಸಿದ. "ಹತ್ತು. ಹತ್ತಿ ಕೂತ್ಕೋ, ನೋಡೋಣ."

ಹತ್ತಿದ. ಬಾಯಿಬಿಟ್ಟು ಹೇಳಬೇಕೆಂದು ಬಂದವನು ಹತ್ತಿ ಕೂತುಬಿಟ್ಟ. ಎರಡೂ ಕಾಲಿನ ಹೆಬ್ಬೆರಳು ಮಾತ್ರ ನೆಲವನ್ನು ಗೀರುತ್ತಿತ್ತು. ಆದರೆ ಕೂತ ಮರುಗಳಿಗೆಯೇ ಇನ್ನೊಂದು ವಿಚಿತ್ರವಾಯಿತು: ಉದ್ದನೆಯ ಹಳೆಯ ಸೀಟು ಅವನನ್ನು ಮೆಲ್ಲಗೆ ಎಡಕ್ಕೆ ಜಾರಿಸಿತು. ಸರಿದು ಕೂತ, ಮತ್ತೆ ಜಾರಿಸಿತು. ಯಾರೋ ಸೊಂಟ ಹಿಡಿದು ಇಲ್ಲಿ, ಇಲ್ಲಿ ಎಂದು ಜಾಗ ತೋರಿಸಿದ ಹಾಗೆ. ಕೈ ತಾನಾಗಿಯೇ ಸೀಟಿನ ಮೇಲೆ ಹರಿಯಿತು. ಬಟ್ಟೆ ಮುಟ್ಟಿದರೆ ಸಾಕು, ತೊಟ್ಟವನು ಯಾವ ಹೆಗಲಿಗೆ ಚೀಲ ಹಾಕುತ್ತಾನೆ, ಯಾವ ಮೊಣಕೈ ಮೇಜಿಗೆ ಊರುತ್ತಾನೆ, ಕೈಗೆ ತಿಳಿಯುತ್ತಿತ್ತು. ಸೀಟಿನ ಬಲಭಾಗ ಹೊಸದರಷ್ಟೇ ಬಿಗಿಯಾಗಿತ್ತು. ಎಡಭಾಗದಲ್ಲಿ ಸ್ಪಂಜು ಇಳಿದು, ರೆಕ್ಸಿನ್ನು ಸವೆದು ನುಣುಪಾಗಿ, ಒಂದು ಹಳ್ಳ. ಒಬ್ಬ ಮನುಷ್ಯ ಆಯುಷ್ಯವಿಡೀ ಒಂದೇ ಪಕ್ಕಕ್ಕೆ, ಕೆಳಗೆ ಎಟುಕದ ಏನನ್ನೋ ಎಟುಕಿಸಿಕೊಳ್ಳಲು ಜಾರಿದ ಹಳ್ಳ. "ಎಡಕ್ಕೆ ವಾಲಿಸೋ. ಎಡಗಾಲು ಕೊಡು ನೆಲಕ್ಕೆ. ಗಾಡಿ ಅಂದ್ರೆ ಹಾಗೇ ನಿಲ್ಲೋದು" ಎಂದು ಅಣ್ಣ ಕುರ್ಚಿಯಿಂದ ಹೇಳುತ್ತಿದ್ದ.

ಅವನು ತಲೆಯೆತ್ತಿದಾಗ ಕಂಡದ್ದು ತಂತಿಯ ಮೇಲೆ ಒಣಗುತ್ತಿದ್ದ ಅಣ್ಣನ ಪ್ಯಾಂಟುಗಳು. ಕಾಲ್ಬುಡಕ್ಕೆ ಕ್ಲಿಪ್ಪು ಸಿಕ್ಕಿಸಿ ತಲೆಕೆಳಗಾಗಿ ನೇತುಹಾಕಿದ್ದರು. ಒಂದರ ಸೊಂಟ ಓರೆಯಾಗಿ ನೇತಾಡುತ್ತಿತ್ತು, ಎಡಗಾಲು ಗಿಡ್ಡ. ಅಯ್ಯೋ ಅತ್ತಿಗೆ, ನಿಮ್ಮದೂ ನಮ್ಮಮ್ಮನ ಕೈಯೇ! ಹಳೆಯ ತಮಾಷೆ ನಾಲಗೆಯ ತುದಿಗೆ ಬಂದೂಬಿಟ್ಟಿತ್ತು. ಅದರ ಪಕ್ಕದ್ದೂ ಓರೆ. ಅದರ ಪಕ್ಕದ್ದೂ. ಕಪ್ಪು, ಕಂದು, ಬೂದು, ಎಲ್ಲದರದ್ದೂ ಎಡಗಾಲೇ, ಎಲ್ಲದರಲ್ಲೂ ಎರಡೇ ಬೆರಳು ಗಿಡ್ಡ. ಗಾಳಿ ಬೀಸಿದಾಗ ಎಲ್ಲವೂ ಒಟ್ಟಿಗೆ, ಒಂದೇ ಕಡೆಗೆ ಸೊಂಟ ಓರೆ ಮಾಡಿಕೊಂಡು ಆಡಿದವು, ಟಾಕೀಸಿನ ಗೇಟಿನ ಮುಂದೆ ನಿಂತ ಹಾಗೆ. ತಪ್ಪಾದರೆ ಒಂದೊಂದೂ ಒಂದೊಂದು ಥರ ಆಗುತ್ತದೆ. ತಪ್ಪು ಇಷ್ಟು ಶಿಸ್ತಾಗಿ ಇರುವುದಿಲ್ಲ. ಗಿಡ್ಡವಾಗಿದ್ದದ್ದು ಹೊಲಿಗೆಯಲ್ಲ, ಕಾಲು. ಅಣ್ಣನ ಎಡಗಾಲಿನ ಷೂಗೆ ಯಾವಾಗಲೂ ಇದ್ದ ದಪ್ಪ ಅಟ್ಟೆ. ಬರಿಗಾಲಲ್ಲಿ ನಿಂತಾಗೆಲ್ಲ ಗೋಡೆಗೆ ಮಡಚಿ ಒತ್ತಿಕೊಂಡ ಆ ಕಾಲು. ಅಂಗಡಿಯ ಮೆಟ್ಟಿಲು ದಾಟದೆ, ತಮ್ಮನ ಟೇಪಿಗೆ ಸಿಗದೆ, ಹೊರಗೇ ನಿಂತು ಹೊರಟುಹೋಗುತ್ತಿದ್ದದ್ದು. ಊರಿನ ಗಂಡಸರ ನಡೆಯನ್ನೆಲ್ಲ ದೂರದಿಂದಲೇ ಅಳೆಯುತ್ತಿದ್ದ ಕಣ್ಣು ಇದೊಂದನ್ನು ಕಂಡಿರಲಿಲ್ಲ. ಅಣ್ಣ ಬಂದನೆಂದರೆ ಕಣ್ಣು ಕೆಳಗಾಗುತ್ತಿತ್ತು. ತಗ್ಗಿದ ಕಣ್ಣಿಗೆ ಕಾಲೇ ಕಾಣಬೇಕಿತ್ತು, ಅದೂ ಕಾಣಲಿಲ್ಲ.

ಮತ್ತು ಅಮ್ಮ. ಆ ಪುಟ್ಟ ಕಿಟಕಿಯ ಬೆಳಕಿನಲ್ಲಿ ಕೂತು, ಅಣ್ಣನ ಪ್ಯಾಂಟಿನ ಎಡಗಾಲನ್ನು ಬೆರಳಿಟ್ಟು ಎರಡು ಬೆರಳು ಹೆಚ್ಚು ಮಡಚಿ, ಹಲ್ಲಿನಲ್ಲಿ ದಾರ ಕಡಿಯುತ್ತಿದ್ದ ಅಮ್ಮ. ಅದು ತನ್ನ ಕೈಗೆ ಬಂದ ಬೆನ್ನಿಗೇ ಅವನು ಬಿಚ್ಚಿದ್ದ, ಸಮ ಮಾಡಿದ್ದ, ತಂದು ತೋರಿಸಿದ್ದ, ನೋಡಮ್ಮ, ನಿನ್ನದು ಸೊಟ್ಟ, ನನ್ನದು ನೆಟ್ಟಗೆ. ಅಮ್ಮ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿ, ತಲೆ ಸವರಿ, "ಹೌದಲ್ಲೋ, ನಿನ್ನ ಕೈ ನನ್ನ ಕೈಗಿಂತ ನೆಟ್ಟಗಿದೆ. ನೀನು ಟೈಲರಾಗ್ತೀಯ ನೋಡು" ಎಂದಿದ್ದಳು. ಅದೊಂದು ಮಾತಿನ ಮೇಲೆ ಅವನು ಆಗಿದ್ದ. ಅಂಗಡಿ, ಬೋರ್ಡು, ಹೆಸರು ಎಲ್ಲ ಆ ಮಾತಿನ ಮೇಲೆ ನಿಂತಿದ್ದವು. ಅಮ್ಮನ ಕೈ ನೆಟ್ಟಗೇ ಇತ್ತು. ಅವಳ ಹೊಲಿಗೆ ಕೂದಲೆಳೆಯಷ್ಟೂ ತಪ್ಪದೆ ಆ ಕಾಲಿನ ಅಳತೆಗೆ ಸರಿಯಾಗಿತ್ತು. ಒಬ್ಬ ಮಗನ ಕಾಲು ಮುಚ್ಚಿಡಲು ಇನ್ನೊಬ್ಬ ಮಗನ ಬಾಯಲ್ಲಿ ಕೈಲಾಗದವಳಾಗಿ, ಮದುವೆ ಮದುವೆಗಳಲ್ಲಿ ನಗೆಪಾಟಲಾಗಿ, ಎಲ್ಲರ ಜೊತೆ ತಾನೂ ನಕ್ಕು, ಹಾಗೆಯೇ ಹೋಗಿಬಿಟ್ಟಳು. ಅವನಿಗೆ ಮೈ ಜುಮ್ಮೆಂದಿತು. ಅಳು ಬರುತ್ತದೆಯೇನೋ ಎಂದು ಕಾದ, ಬರಲಿಲ್ಲ. ಬಂದದ್ದು ಬೇರೆ, ತೀರ ದೊಡ್ಡ ಕಟ್ಟಡದ ಕೆಳಗೆ ನಿಂತು ಕತ್ತೆತ್ತಿದಾಗ ಬರುವಂಥದು. ಇಷ್ಟು ದೊಡ್ಡದು ಅಷ್ಟು ಚಿಕ್ಕ ಮನೆಯಲ್ಲಿ, ತನ್ನ ಕೈಯಲ್ಲೇ ಹಿಡಿದಿದ್ದ ಬಟ್ಟೆಯ ಮಡಿಕೆಯಲ್ಲಿ ಇತ್ತು.

"ಯಾಕೋ ಬಾಯಿ ಕಟ್ಟಿತಾ?" ಎಂದ ಅಣ್ಣ.

"ಇದು ನಂಗೆ ಆಗಲ್ಲ ಅಣ್ಣ."

ಹೇಳಿಬಿಟ್ಟಿದ್ದ. ಮಾತು ಎಷ್ಟು ಸಣ್ಣದಾಗಿತ್ತೆಂದರೆ ಅವನಿಗೇ ನಂಬಿಕೆಯಾಗಲಿಲ್ಲ. ಅಣ್ಣನ ಮುಖ ಒಂದು ಗಳಿಗೆ ಚಿಕ್ಕದಾಗಿ, ಮತ್ತೆ ಹಿಂದಿನ ಠೀವಿಗೆ ಬಂತು. "ಆಗಲ್ಲ ಅಂದ್ರೆ? ಬಿಚ್ಚಿ ಸಣ್ಣ ಮಾಡ್ಕೋ. 'ಅಮ್ಮ ಹೊಲಿದಿದ್ದೆಲ್ಲ ಸೊಟ್ಟ, ನಾನು ಬಿಚ್ಚಿ ಸರಿ ಮಾಡ್ತಿದ್ದೆ' ಅಂತ ಊರಿಗೆಲ್ಲ ಹೇಳ್ತೀಯಲ್ಲ."

"ಇದು ನಿನ್ನ ಮೈಗೆ ಕೂತಿದೆ ಅಣ್ಣ. ಸರಿಯಾಗಿ ಕೂತಿದೆ. ಇದನ್ನ ಬಿಚ್ಚಬಾರ್ದು."

ಹೇಳುವಾಗ ಕೈ ಸೀಟಿನ ಹಳ್ಳದ ಮೇಲೇ ಇತ್ತು. ಕಣ್ಣು ಬೇಡವೆಂದರೂ ತಂತಿಯ ಕಡೆಗೆ ಹೋಯಿತು. ಅಣ್ಣನ ಮಸುಕು ಕಣ್ಣೂ ಅದರ ಹಿಂದೆಯೇ ಹೋಗಿ, ಅಲ್ಲಿ ನಿಂತು, ವಾಪಸು ಬಂತು. ಅತ್ತಿಗೆ ಏನೂ ನಡೆಯದವಳ ಹಾಗೆ ಕ್ಲಿಪ್ಪುಗಳನ್ನು ಒಂದೊಂದಾಗಿ ತೆಗೆದು, ಪ್ಯಾಂಟುಗಳನ್ನು ಎದೆಗವಚಿಕೊಂಡು ಒಳಗೆ ಹೋದಳು. ಖಾಲಿ ತಂತಿ ಸ್ವಲ್ಪ ಹೊತ್ತು ಅಲ್ಲಾಡುತ್ತಿತ್ತು. ಅಣ್ಣ ಬೈಯುತ್ತಾನೆ, ಎದ್ದು ಹೋಗುತ್ತಾನೆ, ಇನ್ನು ಈ ಮನೆಯ ಮೆಟ್ಟಿಲು ಹತ್ತಬೇಡ ಎನ್ನುತ್ತಾನೆ ಎಂದುಕೊಂಡ. ಅಣ್ಣ ಮಂಡಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ.

"ಬೇರೆ ನೋಡಿದ್ಯೇನೋ?"

"ನೋಡಿದೆ."

"ಕೂತು ನೋಡಿದ್ಯಾ?"

"ಹೂಂ."

"ಎರಡೂ ಕಾಲು ಸಿಗತ್ತಾ ನೆಲಕ್ಕೆ?"

"ಸಿಗತ್ತೆ."

"ಅಂಗಾಲು ಪೂರ್ತಿ?"

"ಪೂರ್ತಿ. ಸ್ಟ್ಯಾಂಡ್ ತೆಗೆದ್ರೂ ನೆಟ್ಟಗೆ ನಿಲ್ಲತ್ತೆ ಅಣ್ಣ."

ಅಣ್ಣನ ಮುಖದ ಮೇಲೆ ಚಿಕ್ಕ ಎಂದೂ ಕಾಣದಿದ್ದ ಒಂದು ಬೆರಗು, ಬೆಳ್ಳಗಾದ ಪರದೆಯ ಮೇಲೆ ಚಿತ್ರ ಬಂದ ಹಾಗೆ, ಮೆಲ್ಲಗೆ ಬಂತು. "ಅದು ಹೇಗಿರತ್ತೋ!" ಎಂದ. ತನಗೆ ತಾನೇ ಹೇಳಿಕೊಂಡದ್ದು. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದ. "ನಡಿ ಮತ್ತೆ, ನೋಡೋಣ. ಇದರಲ್ಲೇ ಹೋಗೋಣ. ನಂಗೆ ಕಣ್ಣು ಕಾಣಲ್ಲ, ನೀನೇ ಓಡಿಸು. ಬೀಳಿಸಿದ್ರೆ ಮಾತ್ರ ನಿನ್ನ ಲೈಸೆನ್ಸ್ ಹರಿದು ಮೋರಿಗೆ ಹಾಕ್ತೀನಿ."

ಅಣ್ಣ ಹಿಂದೆ ಕೂತ. ಆ ಗಾಡಿಯ ಮೇಲೆ ಅವನು ಹಿಂದೆ ಕೂತದ್ದು ಅದೇ ಮೊದಲಿರಬೇಕು; ಕೈ ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಗಾಳಿಯಲ್ಲಿಟ್ಟುಕೊಂಡು, ಕೊನೆಗೆ ತಮ್ಮನ ಹೆಗಲ ಮೇಲಿಟ್ಟ. ಕೈ ಹಗುರವಾಗಿತ್ತು. ಗುಡುಗುಡು ಎಂದು ಗಾಡಿ ಬೀದಿಗೆ ಬಂದಾಗ ಹಳಬರೊಬ್ಬರು ಅಂಗಡಿಯಿಂದ, "ಏನ್ ರೀಲಣ್ಣ, ಡ್ರೈವರ್ ಇಟ್ಕೊಂಡ್ಯಾ?" ಎಂದು ಕೂಗಿದರು. "ಹೂಂ ಕಣೋ, ಇವನು ಹೊಸಬ, ದಾರಿ ಬಿಡು!" ಎಂದು ಅಣ್ಣ ಕೂಗಿದ. ಚಿಕ್ಕನಿಗೆ ಉತ್ತರ ಕೊಡುವಷ್ಟು ಧೈರ್ಯವಿರಲಿಲ್ಲ. ಇಬ್ಬರು ಮುದುಕರ ಭಾರ, ಒಂದು ಹಳೆಯ ಯಂತ್ರದ ಭಾರ, ಎಲ್ಲ ಎರಡು ತೆಳು ಚಕ್ರದ ಗೆರೆಯ ಮೇಲೆ ಓಡುತ್ತಿತ್ತು, ಬೀಳುತ್ತಿರಲಿಲ್ಲ. ಸೀಟು ಅವನನ್ನು ಎಡಕ್ಕೆ ಜಾರಿಸುತ್ತಲೇ ಇತ್ತು. ಅವನು ಈಗ ಎದುರಾಡಲಿಲ್ಲ. ಆ ಹಳ್ಳದಲ್ಲಿ ಕೂತುಕೊಂಡ.

ಮುಖ್ಯ ರಸ್ತೆಯ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಇದಕ್ಕೇ ಅವನು ಹೆದರಿದ್ದು. ಓಡುವಾಗ ಎಲ್ಲವೂ ಸರಿ, ನಿಲ್ಲಬೇಕಲ್ಲ. ಬಲಗಾಲು ಬ್ರೇಕಿನ ಮೇಲೆ ಒತ್ತಿ ಎಡಗಾಲು ಚಾಚಿದ. ಹೆಬ್ಬೆರಳು ಮಾತ್ರ ಸಿಕ್ಕಿತು. ಗಾಡಿ ಎಡಕ್ಕೆ ವಾಲತೊಡಗಿತು. ಪಕ್ಕದ ಕಾರಿನವನು ಕಿಟಕಿಯಿಂದ ನೋಡುತ್ತಿದ್ದ. ಆ ಕಾಲೇಜು ಹುಡುಗಿಯರ ದನಿ ಕಿವಿಯಲ್ಲಿ ಏಳುತ್ತಿತ್ತು, ಅಂಕಲ್, ಅಂಕಲ್. ಆಗ ಹಿಂದಿನಿಂದ, ಬಲಗಡೆ, ಒಂದು ಕಾಲು ಕೆಳಗೆ ಬಂತು. ಅಣ್ಣನ ಉದ್ದನೆಯ ಬಲಗಾಲು. ಅವಸರವಿಲ್ಲದೆ ಇಳಿದು, ನೆಲ ಹುಡುಕಿ, ಊರಿ, ಗಾಡಿಯನ್ನು ತನ್ನ ಕಡೆಗೆ ಕೂದಲೆಳೆಯಷ್ಟು ಎಳೆದುಕೊಂಡಿತು. ವಾಲುತ್ತಿದ್ದದ್ದು ನಿಂತಿತು. ಎಡಕ್ಕೆ ತಮ್ಮನ ಕಾಲು, ಬಲಕ್ಕೆ ಅಣ್ಣನ ಕಾಲು. ನಡುವೆ ಆ ಗಾಡಿ ತನ್ನ ಇಡೀ ಆಯುಷ್ಯದಲ್ಲಿ ಮೊದಲ ಸಲ, ಗಾರೆಯವನು ತೂಕದ ದಾರ ಇಳಿಬಿಟ್ಟು ನೋಡಿದ ಹಾಗೆ, ನೆಟ್ಟಗೆ ನಿಂತಿತು. ಅವನು ಉಸಿರಾಡಲಿಲ್ಲ. ಉಸಿರಾಡಿದರೆ ಅದು ಹೋಗಿಬಿಡಬಹುದೆನ್ನಿಸಿತು.

"ಅಮ್ಮ ಚೆನ್ನಾಗೇ ಹೊಲೀತಿದ್ಲು ಕಣೋ" ಎಂದ ಅಣ್ಣ, ಹಿಂದಿನಿಂದ, ಮುಖ ಕಾಣದ ಕಡೆಯಿಂದ.

"ಗೊತ್ತಾಯ್ತು ಅಣ್ಣ."

ಹೆಗಲ ಮೇಲಿನ ಕೈ ಒಂದು ಸಲ ಬಿಗಿಯಾಗಿ ಹಿಡಿದು, ಸಡಿಲವಾಯಿತು. ಹಸಿರು ಬಿತ್ತು. ಹಿಂದೆ ಯಾರೋ ಹಾರನ್ ಹೊಡೆದರು. ಮೊದಲು ಅಣ್ಣನ ಬಲಗಾಲು ನೆಲ ಬಿಟ್ಟಿತು, ಆಮೇಲೆ ಅವನ ಎಡಗಾಲು.